ಆರ್ಟ್ಸ್ ಓದಿದ ತಂಗಿಗೆ ಎಎನ್‌ಎಂ ಸಾಕಾ, ಜಿಎನ್‌ಎಂ ಬೇಕಾ?

ತಂಗಿ ಪಿಯುಸಿ ಆರ್ಟ್ಸ್ ಮುಗಿಸಿದ್ದಾಳೆ, ಶಿರಸಿ ಕಡೆಯ ಸಣ್ಣ ಕಾಲೇಜಿನಲ್ಲಿ ನರ್ಸಿಂಗ್ ಸೇರಿಸಬಹುದಾ ಎಂದು ಕೇಳಿದ್ದೀರಿ. ಖಂಡಿತ ಸೇರಿಸಿ. ಬಿಎಸ್ಸಿ ನರ್ಸಿಂಗಿಗೆ ಸೈನ್ಸ್ ಬೇಕು. ಜಿಎನ್‌ಎಂಗೆ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾಗೆ, ಪಿಯುಸಿಯಲ್ಲಿ ಇಂಗ್ಲಿಷ್ ಇದ್ದು ಶೇ. 40 ಅಂಕ ಬಂದಿದ್ದರೆ ಸಾಕು. ಅದು 3 ವರ್ಷ. ಎಎನ್‌ಎಂ, ಅಂದರೆ ಹಳ್ಳಿಗಳಲ್ಲಿ ಕೆಲಸ ಮಾಡುವ ಸಹಾಯಕ ನರ್ಸ್ ಮತ್ತು ಸೂಲಗಿತ್ತಿಯ ಕೋರ್ಸು, 2 ವರ್ಷ.

ಊರಲ್ಲೇ ಇದ್ದು ಕೆಲಸ ಮಾಡುವ ಆಸೆ ಇದ್ದರೆ ಎಎನ್‌ಎಂ ಕಡಿಮೆಯದಲ್ಲ. ಗರ್ಭಿಣಿಯರ ತಪಾಸಣೆ, ಮಕ್ಕಳ ಲಸಿಕೆ, ಮನೆ ಮನೆ ಭೇಟಿ ಎಲ್ಲ ಅವರದೇ. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಬಂದಾಗ ದರಕಿಗೆ (ಒಣಗಿದ ಎಲೆಗೆ), ಸೊಪ್ಪಿಗೆ ಕಾಡಿಗೆ ಹೋಗುವವರಿಗೆ ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಳ್ಳಿ ಎಂದು ಹೇಳುವವರೂ, ಜ್ವರ ಬಂದವರನ್ನು ಮೊದಲು ಗುರುತಿಸುವವರೂ ಇವರೇ ಅಲ್ವಾ? ಆದರೆ ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಬೇಕೆಂದರೆ ಜಿಎನ್‌ಎಂ ಮಾಡಿಸಿ. ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿಯೂ ಮಾಡಬಹುದು.

ಕಾಲೇಜು ಸಣ್ಣದಾ ದೊಡ್ಡದಾ ಎಂದು ತಲೆ ಕೆಡಿಸಿಕೊಳ್ಳಬೇಡಿ. ಪ್ರಾಕ್ಟಿಕಲ್‌ಗೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಹೆರಿಗೆ ಜಾಸ್ತಿ ಆಗುತ್ತವಾ, ವಿದ್ಯಾರ್ಥಿಗಳ ಕೈಯಲ್ಲಿ ಕೆಲಸ ಮಾಡಿಸುತ್ತಾರಾ, ಇಲ್ಲ ಸುಮ್ನೆ ನಿಲ್ಲಿಸುತ್ತಾರಾ? ಇದನ್ನು ಈಗ ಓದುತ್ತಿರುವ ಹುಡುಗಿಯರನ್ನೇ ಕೇಳಿ. ಕಲಿಯುವುದೆಲ್ಲ ಅಲ್ಲೇ.

ಆರು ತಿಂಗಳಲ್ಲಿ ನರ್ಸ್ ಮಾಡುತ್ತೇವೆ ಎನ್ನುವವರಿಗೆ ದಯವಿಟ್ಟು ದುಡ್ಡು ಕಟ್ಟಬೇಡಿ. ಅಂಥ ಸರ್ಟಿಫಿಕೇಟಿಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಸಿಗುವುದಿಲ್ಲ. ಸೇರುವ ಮುಂಚೆ ಕಾಲೇಜಿಗೆ ಕೌನ್ಸಿಲ್ ಮಾನ್ಯತೆ ಇದೆಯಾ ನೋಡಿ.

ಇನ್ನೊಂದು, ಕಾರವಾರದ ಕಡೆ ಕೆಲಸ ಸಿಕ್ಕರೆ ಕೊಂಕಣಿ ಬೇಕಾಗುತ್ತದೆ. ಈಗಿನಿಂದಲೇ ನಾಲ್ಕು ಮಾತು ಕಲಿಯಲು ಹೇಳಿ.