ಸ್ಪೈಡರ್-ಮ್ಯಾನ್ ಗೇಮ್‌ನಲ್ಲಿ ಜೀಕುವಾಗ ಪದೇ ಪದೇ ರಸ್ತೆಗೆ ಬೀಳುತ್ತೇನೆ, ಅಡಗುತಾಣಗಳಲ್ಲಿ ಸಾಯುತ್ತೇನೆ. ಏನು ಮಾಡಲಿ?

ನೀವು ಗಂಗಾವತಿಯಲ್ಲಿ, ಜಿಟಿಎಕ್ಸ್ 1650 ಮತ್ತು 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಮಾರ್ವೆಲ್ಸ್ ಸ್ಪೈಡರ್-ಮ್ಯಾನ್ ರೀಮಾಸ್ಟರ್ಡ್ ಆಡುತ್ತಿದ್ದೀರಿ. ಜೀಕುವಾಗ ಮೂರನೇ ಸಲಕ್ಕೆ ನೆಲ ಮುಟ್ಟುತ್ತೀರಿ, ಖಳನಾಯಕ ಫಿಸ್ಕ್‌ನ ಗೂಂಡಾಗಳಿರುವ ಅಡಗುತಾಣದಲ್ಲಿ ಎರಡನೇ ತಂಡ ಬರುವಷ್ಟರಲ್ಲಿ ಸಾಯುತ್ತೀರಿ, ಮಧ್ಯಾಹ್ನ ಆಡಿದರೆ ಆಟ ಎಳೆದೆಳೆದು ಓಡುತ್ತದೆ. ಈ ಮೂರಕ್ಕೂ ಒಂದಕ್ಕೊಂದು ನಂಟಿದೆ. ಎಕ್ಸ್‌ಬಾಕ್ಸ್ ಮಾದರಿಯ ಕಂಟ್ರೋಲರ್ ಅಂದಿದ್ದೀರಿ, ಹಾಗಾಗಿ ಬಟನ್‌ಗಳ ಹೆಸರನ್ನು ಆ ಲೆಕ್ಕದಲ್ಲೇ ಹೇಳುತ್ತೇನೆ.

ಮೊದಲು ಜೀಕುವುದು. ಈ ಆಟದ ಜೀವ ಇರುವುದೇ ಅದರಲ್ಲಿ. ಹೊಸಬರು ಆರ್‌ಟಿ (ಬಲಗಡೆಯ ಟ್ರಿಗರ್, ಹಿಡಿದರೆ ಬಲೆಯ ಎಳೆ ಬಿಟ್ಟು ಜೀಕಿಸುವ ಬಟನ್) ಯಾವಾಗ ಒತ್ತಬೇಕು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಕಲಿಯಬೇಕಾದ್ದು ಯಾವಾಗ ಬಿಡಬೇಕು ಅನ್ನುವುದನ್ನು. ಪಂಚಮಿಗೆ ಜೋಕಾಲಿ ಜೀಕಿದವರ ಮೈಗೆ ಇದು ಗೊತ್ತೇ ಇರುತ್ತದೆ: ಜೋಕಾಲಿ ನೆಲದ ಹತ್ತಿರ ಬಂದಾಗ ವೇಗ ಎಲ್ಲಕ್ಕಿಂತ ಹೆಚ್ಚು, ಮೇಲಿನ ತುದಿ ಮುಟ್ಟಿದಾಗ ಒಂದು ಗಳಿಗೆ ನಿಂತಂತಾಗುತ್ತದೆ. ಆಟದಲ್ಲೂ ಅದೇ. ಎಳೆ ತೀರಾ ಕೆಳಗಿದ್ದಾಗ ಆರ್‌ಟಿ ಬಿಟ್ಟರೆ ಮುಂದಕ್ಕೆ ರಭಸವಾಗಿ ಹೋಗುತ್ತೀರಿ, ಆದರೆ ಎತ್ತರ ಸಿಗುವುದಿಲ್ಲ. ಮುಂದಿನ ಎಳೆ ಇನ್ನೂ ಕೆಳಗಿನಿಂದ ಶುರುವಾಗುತ್ತದೆ, ಅದರ ಮುಂದಿನದು ಇನ್ನೂ ಕೆಳಗೆ, ಕೊನೆಗೆ ರಸ್ತೆ. ನಿಮಗೆ ಆಗುತ್ತಿರುವುದು ಇದೇ. ತುದಿಯವರೆಗೂ ಹಿಡಿದಿದ್ದರೆ ಎತ್ತರ ಸಿಗುತ್ತದೆ, ವೇಗ ಸತ್ತುಹೋಗುತ್ತದೆ. ಕೆಳಗಿನ ಬಿಂದು ದಾಟಿ, ಮೈ ಮೇಲಕ್ಕೇಳುತ್ತಾ ಅರ್ಧ ದಾರಿಗೆ ಬಂದಾಗ ಬಿಡಿ. ಬಿಟ್ಟ ಕೂಡಲೇ ಮತ್ತೆ ಆರ್‌ಟಿ ಒತ್ತಬೇಡಿ. ಮೇಲೆ ಹೋಗುವಷ್ಟು ಹೋಗಿ ಕೆಳಗಿಳಿಯಲು ಶುರುವಾಗಲಿ, ಆಗ ಒತ್ತಿ. ಆ ಬೀಳುವಿಕೆಯೇ ಮುಂದಿನ ಜೀಕಿಗೆ ವೇಗ ಕೊಡುವುದು. ಇನ್ನೂ ವೇಗ ಬೇಕೆಂದರೆ ಗಾಳಿಯಲ್ಲಿದ್ದಾಗ ಎಡ ಸ್ಟಿಕ್ ಒಳಕ್ಕೆ ಒತ್ತಿದರೆ ಸ್ಪೈಡರ್-ಮ್ಯಾನ್ ತಲೆಕೆಳಗಾಗಿ ಧುಮುಕುತ್ತಾನೆ, ನೆಲ ಹತ್ತಿರವಾದಾಗ ಆರ್‌ಟಿ ಹಿಡಿಯಿರಿ. ಎಷ್ಟೇ ಎತ್ತರದಿಂದ ಬಿದ್ದರೂ ಈ ಆಟದಲ್ಲಿ ಪೆಟ್ಟಾಗುವುದಿಲ್ಲ, ಹೆದರಬೇಡಿ.

ಎತ್ತರ ಕಳೆದುಕೊಳ್ಳುತ್ತಿದ್ದೀರಿ ಅನ್ನಿಸಿದರೆ ಗಾಳಿಯಲ್ಲೇ ಎ ಒತ್ತಿ. ಎರಡೂ ಕೈಯಿಂದ ಎಳೆ ಬಿಟ್ಟು ತನ್ನನ್ನೇ ಮುಂದಕ್ಕೆ ಎಳೆದುಕೊಳ್ಳುತ್ತಾನೆ. ಇನ್ನೊಂದು, ಎಲ್‌ಟಿ (ಎಡಗಡೆಯ ಟ್ರಿಗರ್) ಮತ್ತು ಆರ್‌ಟಿ ಒಟ್ಟಿಗೆ ಒತ್ತಿದರೆ ಎದುರಿನ ಕಟ್ಟಡದ ಅಂಚಿನ ಮೇಲೆ ಕಾಣುವ ಗುರುತಿಗೆ ಹಾರಿ ಕೂರುತ್ತಾನೆ. ಕಾಲು ಅಂಚಿಗೆ ತಾಗುವ ಹೊತ್ತಿಗೆ ಸರಿಯಾಗಿ ಎ ಒತ್ತಿದರೆ ಕೂರದೆ ಅಲ್ಲಿಂದಲೇ ಚಿಮ್ಮುತ್ತಾನೆ. ಈ ಚಿಮ್ಮುವಿಕೆಯನ್ನು ಹೆಚ್ಚಿಸುವ ಪಾಯಿಂಟ್ ಲಾಂಚ್ ಬೂಸ್ಟ್ ಎಂಬ ಕೌಶಲವನ್ನು ಆದಷ್ಟು ಬೇಗ ತೆಗೆದುಕೊಳ್ಳಿ.

ಎಲ್ಲಿ ಅಭ್ಯಾಸ ಮಾಡುತ್ತೀರಿ ಅನ್ನುವುದೂ ಮುಖ್ಯ. ಈ ಆಟದಲ್ಲಿ ಎಳೆ ಆಕಾಶಕ್ಕೆ ಅಂಟುವುದಿಲ್ಲ, ಕಟ್ಟಡಕ್ಕೋ ಮರಕ್ಕೋ ಅಂಟಬೇಕು. ಆಟದ ಊರಾದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಇರುವುದು ಮರಗಳು, ಹಾರ್ಲೆಮ್ ಕಡೆ ಕಟ್ಟಡಗಳು ಗಿಡ್ಡ; ಅಲ್ಲಿ ಎಳೆಯ ತುದಿಯೇ ಕೆಳಗಿರುವುದರಿಂದ ಪಳಗಿದವರೂ ತಗ್ಗಿನಲ್ಲೇ ಹಾರುತ್ತಾರೆ. ಮಿಡ್‌ಟೌನ್ ಇಲ್ಲವೇ ದಕ್ಷಿಣ ತುದಿಯ ಫೈನಾನ್ಷಿಯಲ್ ಡಿಸ್ಟ್ರಿಕ್ಟ್‌ಗೆ ಹೋಗಿ. ನಕ್ಷೆಯಲ್ಲಿ ಒಟ್ಟು 55 ಬೆನ್ನುಚೀಲಗಳಿವೆ, ಅವನ್ನು ರಸ್ತೆಗಿಳಿಯದೆ ಹುಡುಕುವುದನ್ನೇ ಪಾಠ ಮಾಡಿಕೊಳ್ಳಿ. ಅವುಗಳಿಂದ ಸಿಗುವ ಟೋಕನ್ ಉಡುಪು ಮತ್ತು ಗ್ಯಾಜೆಟ್‌ಗಳಿಗೂ ಬೇಕಾಗುತ್ತದೆ.

ಇನ್ನು ಅಡಗುತಾಣ. ಅಲ್ಲಿ ಸಾಯಲು ಕಾರಣ ಬಹುಪಾಲು ಒಂದೇ: ನೆಲದ ಮೇಲೆ ನಿಂತು ಎಕ್ಸ್ ಗುದ್ದುತ್ತಲೇ ಇರುವುದು. ಎಕ್ಸ್ ಒತ್ತಿ ಹಿಡಿದರೆ ಎದುರಾಳಿ ಮೇಲಕ್ಕೆ ಹಾರುತ್ತಾನೆ, ನೀವೂ ಜೊತೆಗೆ ಹೋಗುತ್ತೀರಿ. ಮೇಲೆಯೇ ಅವನನ್ನು ಬಡಿದು, ವೈ ಒತ್ತಿ ಇನ್ನೊಬ್ಬನ ಮೇಲೆ ಎರಗಿ, ಅವನನ್ನೂ ಎತ್ತಿ. ಗಾಳಿಯಲ್ಲಿರುವಷ್ಟು ಹೊತ್ತು ದೊಣ್ಣೆಯವರ ಕೈಗೆ ನೀವು ಸಿಗುವುದಿಲ್ಲ. ಬಂದೂಕಿನವರು ಮಾತ್ರ ಆಗಲೂ ಹೊಡೆಯುತ್ತಾರೆ, ಆದ್ದರಿಂದ ಮೊದಲ ವೈ ಯಾವಾಗಲೂ ಅವರಿಗೆ.

ತಪ್ಪಿಸಿಕೊಳ್ಳುವ ಬಿ ಬಟನ್ನಿಗೂ ಜೋಕಾಲಿಯ ಲೆಕ್ಕವೇ. ಪೆಟ್ಟು ಬರುವ ಮುನ್ನ ತಲೆಯ ಸುತ್ತ ಬಿಳಿ ಗೆರೆಗಳು ಏಳುತ್ತವೆ. ಗೆರೆ ಕಂಡೊಡನೆ ಬಿ ಒತ್ತಿದರೆ ಬರೀ ತಪ್ಪಿಸಿಕೊಳ್ಳುತ್ತೀರಿ. ಅದು ನೀಲಿಗೆ ತಿರುಗುವವರೆಗೆ ತಡೆದು ಒತ್ತಿದರೆ, ಹೊಡೆಯಲು ಬಂದವನಿಗೇ ಬಲೆ ಮೆತ್ತುತ್ತದೆ. ಪರ್ಫೆಕ್ಟ್ ಡಾಡ್ಜ್ ಕೌಶಲ ತೆಗೆದುಕೊಂಡ ಮೇಲೆ ಇದು ಸಾಧ್ಯ. ಅದಿಲ್ಲದೆ ಅಡಗುತಾಣಕ್ಕೆ ಹೋಗಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಗುರಾಣಿ ಹಿಡಿದವನನ್ನು ಎದುರಿನಿಂದ ಹೊಡೆದು ಉಪಯೋಗವಿಲ್ಲ. ಅವನ ಕಡೆಗೇ ಸ್ಟಿಕ್ ತಿರುಗಿಸಿ ಬಿ ಒತ್ತಿ, ಕಾಲ ಸಂದಿಯಲ್ಲಿ ನುಸುಳಿ ಬೆನ್ನ ಹಿಂದೆ ಬನ್ನಿ. ದೈತ್ಯನಂಥವನನ್ನು ಬರಿಗೈಯಲ್ಲಿ ಗುದ್ದುತ್ತಾ ಕೂರಬೇಡಿ. ಎಲ್‌ಬಿ, ಆರ್‌ಬಿ (ಟ್ರಿಗರ್‌ಗಳ ಮೇಲಿರುವ ಎರಡು ಬಟನ್) ಒಟ್ಟಿಗೆ ಹಿಡಿದು ಹತ್ತಿರದ ಸಾಮಾನು ಎತ್ತಿ ಎಸೆಯಿರಿ, ಇಲ್ಲವೇ ಹೊಡೆದಂತೆಲ್ಲ ತುಂಬುವ ಫೋಕಸ್ ಪಟ್ಟಿ ಪೂರ್ತಿಯಾದಾಗ ವೈ ಮತ್ತು ಬಿ ಒಟ್ಟಿಗೆ ಒತ್ತಿ ಒಂದೇ ಏಟಿಗೆ ಮುಗಿಸಿ. ಡಿ-ಪ್ಯಾಡಿನ ಕೆಳಗಿನ ಬಟನ್ ಅದೇ ಫೋಕಸ್ ಖರ್ಚು ಮಾಡಿ ಜೀವ ತುಂಬುತ್ತದೆ. ಆರೋಗ್ಯ ಅರ್ಧಕ್ಕಿಂತ ಮೇಲಿದ್ದರೆ ಫೋಕಸ್ಸನ್ನು ದೈತ್ಯನಿಗೆ ಉಳಿಸಿ.

ಫಿಸ್ಕ್ ಅಡಗುತಾಣಗಳು ಕಟ್ಟುತ್ತಿರುವ ಕಟ್ಟಡಗಳಲ್ಲಿವೆ, ಸುತ್ತ ಅಂಚುಗಳಿರುತ್ತವೆ. ಅಂಚಿನಿಂದ ಆಚೆ ಬಿದ್ದವನನ್ನು ಸ್ಪೈಡರ್-ಮ್ಯಾನ್ ತಾನಾಗಿಯೇ ಬಲೆ ಹಾಕಿ ಗೋಡೆಗೆ ಅಂಟಿಸುತ್ತಾನೆ, ಅವನ ಕಥೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಗುಂಪನ್ನು ಅಂಚಿನ ಕಡೆಗೆ ಎಳೆದುಕೊಂಡು ಹೋಗಿ ಹೊಡೆಯಿರಿ. ಇಂಪ್ಯಾಕ್ಟ್ ವೆಬ್ ಗ್ಯಾಜೆಟ್ ಗೋಡೆಯ ಹತ್ತಿರ ನಿಂತವನನ್ನು ಒಂದೇ ಸಲಕ್ಕೆ ಅಂಟಿಸುತ್ತದೆ. ರಿಪೇರಿ ಮಾಡಿದ ಹಳೇ ಉಡುಪಿನ ವೆಬ್ ಬ್ಲಾಸಮ್ ಶಕ್ತಿ ಸುತ್ತಲಿನವರಿಗೆಲ್ಲ ಬಲೆ ಚೆಲ್ಲುತ್ತದೆ; ಆ ಶಕ್ತಿಯನ್ನು ಯಾವ ಉಡುಪಿನ ಜೊತೆಗೂ ಜೋಡಿಸಿಕೊಳ್ಳಬಹುದು. ಮೊದಲ ತಂಡವನ್ನು ಮೇಲಿನಿಂದ ಒಬ್ಬೊಬ್ಬರನ್ನೇ ಸದ್ದಿಲ್ಲದೆ ಮುಗಿಸಿ, ವೆಬ್ ಬ್ಲಾಸಮ್ ಅನ್ನು ಎರಡನೇ ತಂಡಕ್ಕೆ ಇಟ್ಟುಕೊಳ್ಳಿ.

ಈಗ ಲ್ಯಾಪ್‌ಟಾಪ್. ಮೇಲೆ ಹೇಳಿದ್ದೆಲ್ಲ ಸಮಯದ ಆಟ. ಚಿತ್ರ ತಡವರಿಸಿದರೆ ಕೈಯೂ ತಡವರಿಸುತ್ತದೆ. 60ರಿಂದ 25ಕ್ಕೆ ಕುಣಿಯುವ ಫ್ರೇಮ್‌ರೇಟಿಗಿಂತ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) ನೆಟ್ಟಗೆ ನಿಲ್ಲುವ 40 ಎಷ್ಟೋ ವಾಸಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಅನ್ನು 40ಕ್ಕೆ ಕಟ್ಟಿ. ನಿಮ್ಮ ಕಾರ್ಡಿನಲ್ಲಿರುವುದು 4 ಜಿಬಿ ಮೆಮರಿ, ಟೆಕ್ಸ್ಚರ್ ಮೀಡಿಯಮ್ ದಾಟಿಸಬೇಡಿ. ಸಣ್ಣ ಚಿತ್ರ ಬರೆದು ಹಿಗ್ಗಿಸಿ ಕಾರ್ಡಿನ ಹೊರೆ ಇಳಿಸುವ ಎಫ್‌ಎಸ್‌ಆರ್ 2 ಆನ್ ಮಾಡಿ ಕ್ವಾಲಿಟಿಯಲ್ಲಿಡಿ, ಸಾಲದಿದ್ದರೆ ಬ್ಯಾಲೆನ್ಸ್ಡ್. ಜನಸಂದಣಿ, ವಾಹನಸಂದಣಿ ಎರಡನ್ನೂ ಲೋ ಮಾಡಿ, ಅವು ಪ್ರೊಸೆಸರಿನ ಹೊರೆ. ರ‍್ಯಾಮ್ 8 ಜಿಬಿ ಕನಿಷ್ಠಕ್ಕಷ್ಟೇ ಸಾಕು. ತಯಾರಕರು 1080ಪಿ, 60 ಫ್ರೇಮ್‌ಗೆ ಶಿಫಾರಸು ಮಾಡುವುದು 16 ಜಿಬಿ ಮತ್ತು ಎಸ್‌ಎಸ್‌ಡಿ. ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸುವುದೇ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರ. ಆಟ ಹಾರ್ಡ್‌ಡಿಸ್ಕಿನಲ್ಲಿದ್ದರೆ ಎಸ್‌ಎಸ್‌ಡಿಗೆ ಸರಿಸಿ, ಸುಮಾರು 75 ಜಿಬಿ ಜಾಗ ಬೇಕು. ವೇಗವಾಗಿ ಜೀಕುವಾಗ ಊರನ್ನು ಡಿಸ್ಕಿನಿಂದ ಓದುತ್ತಲೇ ಇರಬೇಕಾಗುತ್ತದೆ, ಹಾರ್ಡ್‌ಡಿಸ್ಕ್ ಅಷ್ಟು ಬೇಗ ಒದಗಿಸುವುದಿಲ್ಲ.

ಮಧ್ಯಾಹ್ನವೇ ಆಟ ಎಳೆದೆಳೆದು ಓಡುವುದು ಬಿಸಿಲಿಗೆ. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಫ್ಯಾನು ಒಳಗೆಳೆಯುವ ಗಾಳಿಯೇ ಬಿಸಿ. ಪ್ರೊಸೆಸರ್ 95 ಡಿಗ್ರಿಯ ಆಸುಪಾಸಿಗೆ ಬಂದರೆ ಸುಡದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 99ಕ್ಕೆ ಇಳಿಸಿದರೆ ಟರ್ಬೋ (ಪ್ರೊಸೆಸರ್ ಮಾಮೂಲಿಗಿಂತ ವೇಗವಾಗಿ ಓಡುವುದು) ನಿಲ್ಲುತ್ತದೆ, ಬಿಸಿ ಚೆನ್ನಾಗಿ ತಗ್ಗುತ್ತದೆ, ಈ ಆಟದಲ್ಲಿ 40 ಫ್ರೇಮಿಗೆ ತೊಂದರೆಯಾಗುವುದು ಕಡಿಮೆ. ಕೌದಿಯ ಮೇಲಾಗಲಿ ಹಾಸಿಗೆಯ ಮೇಲಾಗಲಿ ಇಟ್ಟು ಆಡಬೇಡಿ, ಗಾಳಿ ಎಳೆಯುವ ಕಿಂಡಿ ಮುಚ್ಚಿಹೋಗುತ್ತದೆ. ಮೇಜಿನ ಮೇಲಿಟ್ಟು ಹಿಂಭಾಗದ ಎರಡೂ ಮೂಲೆಗೆ ಎರಡೆರಡು ಕಡ್ಡಿಪೆಟ್ಟಿಗೆ ಕೊಡಿ. ನೀರಿನ ಕೂಲರಿನ ಗಾಳಿ ಕೋಣೆಗಿರಲಿ, ನೇರ ಲ್ಯಾಪ್‌ಟಾಪಿಗೆ ಬೇಡ, ಹತ್ತಿರದಲ್ಲಿ ಸಣ್ಣ ಹನಿಗಳೂ ಬರುತ್ತವೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್ ಮಿಲ್ಲಿನ ಹೊಟ್ಟಿನ ಧೂಳು, ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಪು ಧೂಳು, ಎರಡೂ ಫ್ಯಾನಿನ ಹಿಂದಿನ ಸಣ್ಣ ರೆಕ್ಕೆಗಳ ನಡುವೆ ಮೆತ್ತೆಯಂತೆ ಕೂರುತ್ತವೆ. ಆರು ತಿಂಗಳಿಗೊಮ್ಮೆ ಹಿಂದಿನ ಮುಚ್ಚಳ ಬಿಚ್ಚಿಸಿ ಬ್ಲೋವರ್ ಹೊಡೆಸಿ. ಹೊಡೆಯುವಾಗ ಫ್ಯಾನು ತಿರುಗದಂತೆ ಕಡ್ಡಿಯಿಂದ ತಡೆಹಿಡಿಯಲು ಹೇಳಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗುತ್ತದೆ.

ಆಡುತ್ತಿರುವಾಗ ಥಟ್ಟನೆ ಎಳೆಯತೊಡಗಿದರೆ ಮೊದಲು ಕರೆಂಟು ಇದೆಯೇ ನೋಡಿ. ಚಾರ್ಜರ್ ನಿಂತು ಬ್ಯಾಟರಿಗೆ ಬಂದೊಡನೆ ಗ್ರಾಫಿಕ್ಸ್ ಕಾರ್ಡ್ ಸೊರಗುತ್ತದೆ. ಆ ಹೊತ್ತಿನಲ್ಲಿ ಅಡಗುತಾಣ ಶುರು ಮಾಡಬೇಡಿ, ಬೆನ್ನುಚೀಲ ಹುಡುಕುತ್ತಿರಿ. ಚಾರ್ಜ್ ಕಾಲು ಭಾಗಕ್ಕೆ ಇಳಿಯುವ ಮೊದಲೇ ಮೆನುವಿನಿಂದ ಸೇವ್ ಮಾಡಿ ಹೊರಬನ್ನಿ.