ಒಂದೇ ಬೆಳಿಗ್ಗೆ ಕೋಟೆ, ಅರಮನೆ

ಪ್ರಶ್ನೆ: ಅಮ್ಮನಿಗೆ ಮಂಡಿನೋವು, ಮಗಳಿಗೆ 10 ವರ್ಷ. ಬೆಂಗಳೂರು ಕೋಟೆ, ಟಿಪ್ಪು ಬೇಸಿಗೆ ಅರಮನೆ ಎರಡನ್ನೂ ಒಂದೇ ಬೆಳಿಗ್ಗೆ ನೋಡಬಹುದೇ?

ಉತ್ತರ: ಖಂಡಿತ. ಕಾರು ಬೇಡ, ಅಲ್ಲಿ ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಹಸಿರು ಮಾರ್ಗದ ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣದಲ್ಲಿ ಇಳಿಯಿರಿ; ಎರಡೂ ಹತ್ತಿರ. ಕೋಟೆಯಲ್ಲಿ ಉಳಿದಿರುವುದು ದೆಹಲಿ ಬಾಗಿಲಿನ ಸುತ್ತಲ ಭಾಗವಷ್ಟೇ, ಅರ್ಧ ಗಂಟೆ ಸಾಕು.

ಅರಮನೆಗೆ ಹೆಚ್ಚು ಹೊತ್ತಿಡಿ. 1791ರಲ್ಲಿ ಮುಗಿದ ಕಟ್ಟಡವದು. ತೇಗದ ಕಂಬಗಳು ನೇರ ನೆಲಕ್ಕೆ ಊರಿಲ್ಲ, ಕಲ್ಲಿನ ಪೀಠದ ಮೇಲೆ ನಿಂತಿವೆ. ಮಗಳಿಗೆ ಬಗ್ಗಿ ನೋಡಲು ಹೇಳಿ. ನೆಲದ ತೇವ ಮರಕ್ಕೆ ಏರಿದರೆ ಬುಡವೇ ಕೊಳೆಯುತ್ತದೆ. ಗೋಡೆಯ ಬಣ್ಣದ ಚಿತ್ತಾರವನ್ನು ದಯವಿಟ್ಟು ಮುಟ್ಟಬೇಡಿ. ಬೆರಳಿನ ಬೆವರಿಗೇ ಅದು ಸವೆಯುತ್ತದೆ. ಮೇಲಂತಸ್ತಿಗೆ ಮೆಟ್ಟಿಲೇ ದಾರಿ, ಅಮ್ಮ ಕೆಳಗಿನ ಕೋಣೆಗಳನ್ನು ನೋಡಲಿ. 15ರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಟ್ರೈಪಾಡ್‌ಗೆ ಮುಂಚೆಯೇ ಅನುಮತಿ ಬೇಕು.