ಕಿಂಡರ್‌ಗಾರ್ಟನ್‌ಗೆ ಮುಂಚಿನ ಸ್ಕ್ರೀನಿಂಗ್: ಕನ್ನಡವಷ್ಟೇ ಬರುವ ಮಗುವಿಗೆ ತೊಂದರೆಯಾಗುತ್ತದೆಯೇ?

ನೀವು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿದ್ದೀರಿ, ಬೆಂಗಳೂರಿನಲ್ಲಿ ಹುಟ್ಟಿದ ನಿಮ್ಮ ಮಗನಿಗೆ ಈಗಷ್ಟೇ ನಾಲ್ಕು ತುಂಬಿದೆ, ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ. ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ ‘ಅರ್ಲಿ ಚೈಲ್ಡ್‌ಹುಡ್ ಸ್ಕ್ರೀನಿಂಗ್’ ಮಾಡಿಸಿ ಎಂದು ಪತ್ರ ಬಂದಿದೆ, ಇಂಗ್ಲಿಷ್ ಬಾರದೆಂದು ಫೇಲ್ ಮಾಡಿ ಸ್ಪೆಷಲ್ ಎಜುಕೇಶನ್‌ಗೆ (ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳ ಶಿಕ್ಷಣಕ್ಕೆ) ಹಾಕಿಬಿಡುತ್ತಾರೆಯೇ, ಅಷ್ಟರೊಳಗೆ ಇಂಗ್ಲಿಷ್ ಕಲಿಸಬೇಕೇ ಎಂದು ಕೇಳಿದ್ದೀರಿ. ನನ್ನ ಇಬ್ಬರು ಮಕ್ಕಳೂ ಇದೇ ರಾಜ್ಯದಲ್ಲಿ ಈ ತಪಾಸಣೆ ಮುಗಿಸಿಕೊಂಡು ಶಾಲೆ ಸೇರಿದವರು. ಇದರಲ್ಲಿ ಪಾಸು, ಫೇಲು ಎಂಬುದಿಲ್ಲ. ಇಂಗ್ಲಿಷಿನ ಗಿಳಿಪಾಠ ಮಾಡಿಸುವ ಅಗತ್ಯವೂ ಇಲ್ಲ. ಆದರೆ ದಿನ ಗೊತ್ತುಮಾಡಿಕೊಳ್ಳಲು ಫೋನ್ ಮಾಡಿದಾಗಲೇ ಕನ್ನಡ ದುಭಾಷಿ ಬೇಕೆಂದು ತಪ್ಪದೆ ಹೇಳಿ.

ಪಬ್ಲಿಕ್ (ಸರ್ಕಾರಿ) ಶಾಲೆಯ ಕಿಂಡರ್‌ಗಾರ್ಟನ್‌ಗೆ, ಅಂದರೆ ಒಂದನೇ ತರಗತಿಗೆ ಮುಂಚಿನ ತರಗತಿಗೆ, ಸೇರುವ ಮೊದಲು, ಅದು ತಪ್ಪಿದರೆ ಸೇರಿದ 30 ದಿನಗಳೊಳಗೆ, ಈ ತಪಾಸಣೆ ಆಗಿರಬೇಕೆಂದು ಮಿನ್ನೆಸೋಟದ ಕಾನೂನು ಹೇಳುತ್ತದೆ. ಡಿಸ್ಟ್ರಿಕ್ಟ್ ಇದನ್ನು ಉಚಿತವಾಗಿ ಮಾಡುತ್ತದೆ. ಕಡಿಮೆ ಆದಾಯದ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ ಇರುವ ‘ಹೆಡ್ ಸ್ಟಾರ್ಟ್’ ಎಂಬ ಸರ್ಕಾರಿ ಕಾರ್ಯಕ್ರಮದಲ್ಲಿಯೋ ಮಕ್ಕಳ ವೈದ್ಯರ ಬಳಿಯೋ ಇದಕ್ಕೆ ಸಮನಾದ ತಪಾಸಣೆ ಆಗಿದ್ದರೆ ಅದರ ದಾಖಲೆ ಕೊಟ್ಟರೂ ನಡೆಯುತ್ತದೆ. ಸೆಪ್ಟೆಂಬರ್ 1ಕ್ಕೆ ಐದು ತುಂಬಿದ ಮಕ್ಕಳನ್ನು ಸೇರಿಸಿಕೊಳ್ಳುವುದರಿಂದ ನಿಮಗೆ ಸಮಯವಿದೆ ನಿಜ, ಆದರೂ ಮುಂದೂಡಬೇಡಿ. ಏನಾದರೂ ಕೊರತೆ ಕಂಡರೆ ಶಾಲೆ ಶುರುವಾಗುವ ಮೊದಲೇ ನೆರವು ಪಡೆಯಲು ಅವಕಾಶ ಸಿಗಲಿ ಎಂಬುದೇ ಇದರ ಉದ್ದೇಶ. ಫಲಿತಾಂಶ ಏನೇ ಬಂದರೂ ಅದರ ಆಧಾರದ ಮೇಲೆ ಪ್ರವೇಶ ನಿರಾಕರಿಸುವಂತಿಲ್ಲ.

ಅಲ್ಲಿ ನಡೆಯುವುದರಲ್ಲಿ ಅರ್ಧದಷ್ಟಕ್ಕೆ ಭಾಷೆಯೇ ಬೇಕಿಲ್ಲ. ಕಣ್ಣಿನ ಪರೀಕ್ಷೆಯಲ್ಲಿ ಅಕ್ಷರಗಳ ಬದಲು ಮನೆ, ಸೇಬು, ವೃತ್ತ, ಚೌಕಗಳ ಚಿತ್ರ ತೋರಿಸುವುದುಂಟು. ಅದೇ ಚಿತ್ರಗಳ ಕಾರ್ಡನ್ನು ಮಗುವಿನ ತೊಡೆಯ ಮೇಲಿಟ್ಟಿರುತ್ತಾರೆ, ದೂರದಲ್ಲಿ ಕಂಡದ್ದನ್ನು ಮಗು ಕಾರ್ಡಿನಲ್ಲಿ ಬೆರಳಿಟ್ಟು ತೋರಿಸಿದರೆ ಸಾಕು. ಕಿವಿಯ ಪರೀಕ್ಷೆಗೆ ಹೆಡ್‌ಫೋನ್ ಹಾಕಿ, ‘ಪೀ’ ಎಂಬ ಸಣ್ಣ ಸದ್ದು ಕೇಳಿದಾಗಲೆಲ್ಲ ಒಂದು ಮರದ ತುಂಡನ್ನು ಡಬ್ಬಿಗೆ ಹಾಕು ಎನ್ನುತ್ತಾರೆ. ನನ್ನ ಚಿಕ್ಕವಳು ಸದ್ದಿಗೂ ಕಾಯದೆ ತುಂಡುಗಳನ್ನೆಲ್ಲ ಒಟ್ಟಿಗೆ ಸುರಿದಳು; ನರ್ಸ್ ನಗುತ್ತ ಮತ್ತೆ ಮೊದಲಿನಿಂದ ಶುರುಮಾಡಿದರು. ಒಂಟಿ ಕಾಲಲ್ಲಿ ನಿಲ್ಲುವುದು, ಕುಪ್ಪಳಿಸುವುದು, ತುಂಡುಗಳನ್ನು ಒಂದರ ಮೇಲೊಂದು ಪೇರಿಸುವುದು, ವೃತ್ತ ನೋಡಿ ವೃತ್ತ ಬರೆಯುವುದು ಇವೆಲ್ಲ ಮಾಡಿ ತೋರಿಸಿದರೆ ತಿಳಿಯುವಂಥವು. ಎತ್ತರ, ತೂಕ, ಲಸಿಕೆಗಳ ವಿವರವನ್ನೂ ಗುರುತು ಹಾಕಿಕೊಳ್ಳುತ್ತಾರೆ.

ಎಚ್ಚರ ಬೇಕಾಗಿರುವುದು ಪೋಷಕರು ತುಂಬಬೇಕಾದ ಪ್ರಶ್ನಾವಳಿಯಲ್ಲಿ. ಹಲವೆಡೆ ಬಳಸುವ ‘ಏಜಸ್ ಅಂಡ್ ಸ್ಟೇಜಸ್’ ಪ್ರಶ್ನಾವಳಿಯಲ್ಲಿ ಪ್ರತಿ ಪ್ರಶ್ನೆಗೂ ‘ಹೌದು’, ‘ಕೆಲವೊಮ್ಮೆ’, ‘ಇನ್ನೂ ಇಲ್ಲ’ ಎಂಬ ಮೂರು ಉತ್ತರಗಳಿದ್ದು, ಅವಕ್ಕೆ ಕ್ರಮವಾಗಿ 10, 5, 0 ಅಂಕ. ಕತ್ತರಿ ಹಿಡಿಯುವುದು, ಗುಂಡಿ ಹಾಕಿಕೊಳ್ಳುವುದು, ತಾನೇ ಬಟ್ಟೆ ತೊಡುವುದು ಇಂಥವನ್ನು ಕೇಳುತ್ತದೆ. ಅಜ್ಜಿ ಊರಿಂದ ಬಂದಿದ್ದರೆ ನಾಲ್ಕು ವರ್ಷದ ಮೊಮ್ಮಗನಿಗೆ ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಡುವುದು, ಶರ್ಟು ತೊಡಿಸುವುದು ನಮ್ಮ ಮನೆಗಳಲ್ಲಿ ಸಹಜ. ಕತ್ತರಿಯನ್ನಂತೂ ಕೈಗೆ ಸಿಗದಂತೆ ಮೇಲಿಟ್ಟಿರುತ್ತೇವೆ. ಆಗ ಬರುವ ‘ಇನ್ನೂ ಇಲ್ಲ’ ಎಂಬ ಉತ್ತರ ಮಗುವಿಗೆ ಆಗದು ಎನ್ನುವುದಕ್ಕಿಂತ ಅವಕಾಶವೇ ಸಿಕ್ಕಿಲ್ಲ ಎನ್ನುವುದನ್ನು ಹೇಳುತ್ತಿರಬಹುದು. ಆದ್ದರಿಂದ ಕೆಲವು ದಿನ ಮೊದಲೇ ಮಕ್ಕಳ ಕತ್ತರಿಯೊಂದನ್ನು ಕೊಟ್ಟು ನೋಡಿ, ಆಮೇಲೆ ಕಂಡದ್ದನ್ನು ಕಂಡಂತೆ ತುಂಬಿ. ಮರ್ಯಾದೆಯ ಪ್ರಶ್ನೆಯೆಂದು ಎಲ್ಲಕ್ಕೂ ‘ಹೌದು’ ಎಂದು ಗುರುತು ಹಾಕುವವರನ್ನು ನೋಡಿದ್ದೇನೆ. ಅದರಿಂದ ಕೈತಪ್ಪುವುದು ಮಗುವಿಗೆ ಸಿಗಬಹುದಾಗಿದ್ದ ನೆರವು.

ಇನ್ನು ಭಾಷೆಯ ವಿಷಯ. ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಎಂಬುದು ಎಲ್ಲರ ಬಾಯಲ್ಲಿರುವ ಮಾತಾದರೂ ಸತ್ಯವಲ್ಲ. ಮಗುವಿನ ಪದಗಳನ್ನು ಎಣಿಸುವಾಗ ಕನ್ನಡದವನ್ನೂ ಇಂಗ್ಲಿಷಿನವನ್ನೂ ಸೇರಿಸಿಯೇ ಎಣಿಸಬೇಕು. ನಿಮ್ಮ ಮಗ ಕನ್ನಡದಲ್ಲಿ ಉದ್ದುದ್ದ ವಾಕ್ಯ ಕಟ್ಟಿ, ನಡೆದದ್ದನ್ನು ಹಿಂದುಮುಂದಾಗದಂತೆ ಹೇಳಿ, ಹೊರಗಿನವರಿಗೂ ಅರ್ಥವಾಗುವಂತೆ ಮಾತನಾಡುತ್ತಿದ್ದರೆ ಇಂಗ್ಲಿಷ್ ಬಾರದಿರುವುದು ದೋಷವಲ್ಲ, ಶಾಲೆ ಅದನ್ನು ಕಲಿಸುತ್ತದೆ. ಆದರೆ ನಿಜವಾದ ಭಾಷಾ ತೊಂದರೆ ಇದ್ದರೆ ಅದು ಮನೆಮಾತಿನಲ್ಲೂ ಕಾಣಿಸುತ್ತದೆ. ನಾಲ್ಕು ವರ್ಷವಾದರೂ ಕನ್ನಡದಲ್ಲಿ ಎರಡು ಮೂರು ಪದಗಳನ್ನಷ್ಟೇ ಜೋಡಿಸುತ್ತಿದ್ದರೆ, ಹೇಳಿದ್ದು ಅರ್ಥವಾಗದಿದ್ದರೆ, ‘ಗಂಡುಮಕ್ಕಳು ಮಾತಾಡೋದೇ ತಡ, ಅವರಪ್ಪನೂ ಹಾಗೇ ಇದ್ದ’ ಎಂದು ಊರಿಂದ ಬರುವ ಸಮಾಧಾನವನ್ನು ನೆಚ್ಚಿಕೊಂಡು ಕೂರಬೇಡಿ. ದುಭಾಷಿಯನ್ನು ಕೇಳಿ ಎಂದದ್ದು ಈ ಎರಡೂ ಕಾರಣಗಳಿಗಾಗಿ: ಇಲ್ಲದ ತೊಂದರೆಯನ್ನು ಹಚ್ಚಬಾರದು, ಇರುವುದನ್ನು ‘ಎರಡು ಭಾಷೆಯ ಮಗು’ ಎಂದು ತೇಲಿಸಿಬಿಡಲೂಬಾರದು.

ಸ್ಪೆಷಲ್ ಎಜುಕೇಶನ್‌ಗೆ ಒಂದೇ ದಿನದಲ್ಲಿ ಹಾಕಿಬಿಡಲು ಸ್ಕ್ರೀನಿಂಗ್‌ನಿಂದ ಸಾಧ್ಯವೇ ಇಲ್ಲ. ಅನುಮಾನ ಬಂದರೆ ವಿವರವಾದ ಮೌಲ್ಯಮಾಪನಕ್ಕೆ ಶಿಫಾರಸು ಮಾಡುತ್ತಾರೆ. ಅದಕ್ಕೆ ನಿಮ್ಮ ಲಿಖಿತ ಒಪ್ಪಿಗೆ ಬೇಕು, ಒಪ್ಪಿಗೆ ಕೊಟ್ಟ ಮೇಲೆ 30 ಶಾಲಾ ದಿನಗಳೊಳಗೆ ಅದು ಮುಗಿಯಬೇಕು, ಅದಕ್ಕೂ ಖರ್ಚಿಲ್ಲ. ಸಾಧ್ಯವಿರುವ ಮಟ್ಟಿಗೆ ಅದು ಮಗುವಿನ ಮನೆಮಾತಿನಲ್ಲೇ ನಡೆಯಬೇಕೆಂದು ‘ಐಡಿಯಾ’ (IDEA) ಎಂಬ, ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣದ ಕೇಂದ್ರ ಕಾನೂನಿನಲ್ಲಿದೆ. ಸೇವೆ ಆರಂಭಿಸಲು ಮತ್ತೆ ಪ್ರತ್ಯೇಕವಾಗಿ ನಿಮ್ಮ ಒಪ್ಪಿಗೆ ಪಡೆಯಬೇಕು. ನಿಮಗೇ ಈಗಾಗಲೇ ಅನುಮಾನವಿದ್ದರೆ ಸ್ಕ್ರೀನಿಂಗ್‌ಗೂ ಕಾಯದೆ, ಮಕ್ಕಳ ಬೆಳವಣಿಗೆಯ ಬಗ್ಗೆ ಅನುಮಾನವಿದ್ದವರಿಗೆ ದಾರಿ ತೋರಿಸುವ ರಾಜ್ಯದ ‘ಹೆಲ್ಪ್ ಮಿ ಗ್ರೋ’ ವ್ಯವಸ್ಥೆಯ ಮೂಲಕ ಮೌಲ್ಯಮಾಪನವನ್ನು ನೇರವಾಗಿ ಕೇಳಬಹುದು.

ಹೋಗುವಾಗ ಬೆಂಗಳೂರಿನ ಲಸಿಕೆ ಪುಸ್ತಕ ಅಥವಾ ತಾಯಿ ಕಾರ್ಡ್ ಒಯ್ಯಿರಿ. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ, ಇಲ್ಲಿಯವರು ತಿಂಗಳು ಮೊದಲು ಓದುತ್ತಾರೆ. 5/8 ಎಂಬುದು ಆಗಸ್ಟ್ 5ರ ಬದಲು ಮೇ 8 ಆಗಿ ದಾಖಲಾಗಿ, ಹಾಕಿಸಿದ ಲಸಿಕೆಯೇ ಲೆಕ್ಕಕ್ಕೆ ಬಾರದೆ ಹೋಗಬಹುದು. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದ ಪಟ್ಟಿಯೊಂದನ್ನು ಮನೆಯಲ್ಲೇ ಸಿದ್ಧಮಾಡಿ ಮೂಲ ಪುಸ್ತಕದ ಜೊತೆಗೆ ಕೊಡಿ.